ಪಿಕಪ್ಪಿನ ಬುಡದ ಸಂಸಾರ

ಮುರ್ತುಜಾ ಪಿಕಪ್ಪಿನ ಹಿಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು, ಬುಡದ ಚೌಕಟ್ಟಾದ ಚಾಸಿಗೆ ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಹಾಕಿದ. ಗಟ್ಟಿ ಕಬ್ಬಿಣವಾಗಿದ್ದರೆ ಟಣ್ ಎನ್ನಬೇಕಿತ್ತು. ಇದು ನೆನೆದ ರಟ್ಟಿನ ಡಬ್ಬಿಗೆ ಹೊಡೆದ ಹಾಗೆ ಧಪ್ ಎಂದಿತು. ಇನ್ನೊಂದೇಟಿಗೆ ಸುತ್ತಿಗೆಯ ಮೂತಿ ಒಳಗೆ ಹೊಕ್ಕು ಅಲ್ಲೇ ಸಿಕ್ಕಿಕೊಂಡಿತು. ಎಳೆದು ತೆಗೆದಾಗ ಹಪ್ಪಳದಂಥ ತುಕ್ಕಿನ ಚೂರುಗಳು ಉದುರಿ ಅವನ ಪಾದದ ಮೇಲೆ ಗುಡ್ಡೆಯಾದವು.

"ಹುಚ್ಚೀರಣ್ಣ," ಎಂದ ಮುರ್ತುಜಾ, "ಗಾಡಿಗೆ ಚಾಸಿ ಐತಿ ಅಂತ ನೀ ತಿಳ್ಕೊಂಡಿ. ಇಲ್ಲಿ ಬರೇ ಬಣ್ಣ ನಿಂತೈತಿ ನೋಡ."

ಹುಚ್ಚೀರಪ್ಪ ಬಗ್ಗಿ ನೋಡಿದ. ಹೊಟ್ಟೆ ಅಡ್ಡ ಬಂದು ಪೂರ್ತಿ ಬಗ್ಗಲಾಗಲಿಲ್ಲ. ಹಿರೇವಡ್ಡಟ್ಟಿಯಲ್ಲಿ ಅವನನ್ನು ಎಲ್ಲರೂ ಗುರುತಿಸುತ್ತಿದ್ದುದೇ ಈ ಗಾಡಿಯಿಂದ. ಉಳ್ಳಾಗಡ್ಡಿ, ಮೆಣಸಿನಕಾಯಿ, ಗೋವಿನಜೋಳ, ಮುಂಡರಗಿಯಿಂದ ಗೊಬ್ಬರದ ಚೀಲ, ಒಮ್ಮೊಮ್ಮೆ ಕುರಿ, ಹೀಗೆ ಸುತ್ತಲಿನ ಹಳ್ಳಿಗಳ ಸರಕೆಲ್ಲ ಅವನ ಬೆನ್ನ ಹಿಂದೆ ಕುಳಿತು ಊರೂರು ನೋಡಿ ಬಂದಿತ್ತು. ದಿನಾ ಬೆಳಗ್ಗೆ ಗಾಜು ಒರೆಸುತ್ತಿದ್ದ, ಎಂಜಿನ್ ಎಣ್ಣೆ ನೋಡುತ್ತಿದ್ದ, ಮುಂದೆ ನಿಂಬೆಹಣ್ಣು ಕಟ್ಟುತ್ತಿದ್ದ. ಬುಡಕ್ಕೆ ಮಾತ್ರ ಎಂದೂ ಇಣುಕಿರಲಿಲ್ಲ. ಇತ್ತೀಚೆಗೆ ಗಾಡಿ ಎಡಕ್ಕೆ ವಾಲತೊಡಗಿ, ಗುಂಡಿ ಬಂದಲ್ಲೆಲ್ಲ ಹಿಂದಿನಿಂದ ಕುಂಯ್ ಎನ್ನತೊಡಗಿದ್ದರಿಂದ ಬೆಟಗೇರಿಯ ಮುರ್ತುಜಾನ ಗ್ಯಾರೇಜಿಗೆ ತಂದಿದ್ದ.

"ಸ್ಪ್ರಿಂಗಿನ ಪಾಟಾ ಒಂದು ಮುರದಿರಬೇಕಂತ ಬಂದ್ನೆಪಾ," ಎಂದ.

"ಪಾಟಾ ಗಟ್ಟಿ ಐತಿ. ಅದು ಕುಂತ ಕಬ್ಬಿಣಾನ ಹೋಗೈತಿ. ಗೊಬ್ಬರ ಭಾಳ ಹೇರತೀಯೇನ?"

"ಹೂಂ. ಸುಗ್ಗಿ ಮುಂಚೆ ಅದ ಧಂದೆ."

"ಗೊಬ್ಬರದ ಉಪ್ಪು, ಎರಿ ಹೊಲದ ಕೆಸರು. ಎರಡೂ ಕೂಡಿ ಒಳಗ ಕುಂತು ಊಟ ಮಾಡ್ಯಾವ. ನೀ ಮ್ಯಾಲ ಮಾರಿ ತೊಳದೀ, ಬುಡಕ ಎಂದರ ನೀರ ಹೊಡದೀಯೇನ?"

ಮುರ್ತುಜಾನ ಅಂಗಳದ ತುಂಬ ಸುಗ್ಗಿಗೆ ಮುಂಚೆ ರಿಪೇರಿಗೆ ಬಂದ ಟ್ರ್ಯಾಕ್ಟರ್ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು. ಅವನು ಅವುಗಳತ್ತ ಕೈ ತೋರಿಸಿ, ಮಾಡಬೇಕಾದದ್ದನ್ನು ಬಿಡಿಸಿ ಹೇಳಿದ. ಹಿಂದಿನ ಅಡ್ಡಪಟ್ಟಿ ಕತ್ತರಿಸಿ ಹೊಸದು ಹಾಕಬೇಕು. ಎಡಗಡೆ ಉದ್ದಪಟ್ಟಿಗೆ ದಪ್ಪ ಪ್ಲೇಟು ಕೂಡಿಸಬೇಕು. ಅದು ತನ್ನ ಕೆಲಸ. ಆದರೆ ಅದಕ್ಕೂ ಮೊದಲು ಇಡೀ ಚಾಸಿಯ ತುಕ್ಕು, ಅವನ ಮಾತಿನಲ್ಲಿ ಜಂಗು, ಕೆರೆದು, ಗಟ್ಟಿ ಇದ್ದಲ್ಲಿ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣ ಬಳಿಯಬೇಕು. ಅದಕ್ಕೆ ತನ್ನ ಹತ್ತಿರ ಕೈಯೂ ಇಲ್ಲ, ಹೊತ್ತೂ ಇಲ್ಲ.

"ಮನ್ಯಾಗ ಕೆರಕೊಂಡ ಬಾ. ಜಂಗಿನ ಮ್ಯಾಲ ವೆಲ್ಡಿಂಗ್ ಹಿಡಿಯೂದಿಲ್ಲ. ಮತ್ತ ಜಾಕ್ ಒಂದರ ಮ್ಯಾಲ ನಂಬಿ ಬುಡಕ ಹೋಗಬ್ಯಾಡ, ದಿಮ್ಮಿ ಇಡು. ಈಗ ಖಾಲಿ ಗಾಡಿ ಸಾವಕಾಶ ಹೊಡ್ಕೊಂಡು ಹೋಗು. ಉಳ್ಳಾಗಡ್ಡಿ ಹೇರಿದ್ರ ಮೂತಿ ಡಂಬಳದಾಗ, ಬಾಲ ಗದಗಿನಾಗ ಆಕ್ಕೈತಿ."

ಹುಚ್ಚೀರಪ್ಪ ಊರಿಗೆ ಹೊರಟ. ದಾರಿಯುದ್ದಕ್ಕೂ ಸೈಕಲ್ಲುಗಳು ಅವನನ್ನು ಹಿಂದೆ ಹಾಕಿದವು.

ಮನೆಯೆಂದರೆ ಮಂದಿ ತುಂಬಿದ ಮನೆ. ತಾಯಿ ಗದಿಗೆವ್ವ, ತಮ್ಮ ದುರ್ಗೇಶ, ಅವನ ಹೆಂಡತಿ ಶೈಲಾ, ಎರಡೂ ಸಂಸಾರದ ಮಕ್ಕಳು, ಯಾವಾಗಲೂ ಬಂದು ಕುಳಿತಿರುತ್ತಿದ್ದ ಒಬ್ಬಿಬ್ಬರು ಬೀಗರು. ಹುಚ್ಚೀರಪ್ಪನ ಹೆಂಡತಿ ಅಮೃತವ್ವ ಆ ಗದ್ದಲದ ನಡುವೆ ಇಪ್ಪತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದಳು. ಗಂಡ ಹೆಂಡತಿಗೆ ಜಗಳವಿರಲಿಲ್ಲ. ಜಗಳ ಆಡಲಿಕ್ಕೂ ಒಂದಿಷ್ಟು ಏಕಾಂತ ಬೇಕು. ಅವಳು ಅವನಿಗೆ ಹೇಳುತ್ತಿದ್ದುದು "ಊಟಕ್ಕ ಬರ್ರಿ," ಅವನು ಅವಳಿಗೆ ಹೇಳುತ್ತಿದ್ದುದು "ಗದಗಿಗೆ ಹೊಂಟೀನಿ." ಉಳಿದದ್ದನ್ನೆಲ್ಲ ನಡುವೆ ಇದ್ದ ಯಾರಾದರೂ ದಾಟಿಸುತ್ತಿದ್ದರು.

ಮರುದಿನ ಹಿತ್ತಲಿನ ಬೇವಿನ ಮರದ ಕೆಳಗೆ ಪಿಕಪ್ಪಿನ ಹಿಂಭಾಗ ಎತ್ತಿ, ಗಾಲಿ ಕಳಚಿ, ಹಳೆಯ ತೊಲೆಯ ದಿಮ್ಮಿಗಳ ಆಸರೆ ಕೊಟ್ಟು, ಮುಂದಿನ ಗಾಲಿಗೆ ಕಲ್ಲು ಒಡ್ಡಿ, ಹುಚ್ಚೀರಪ್ಪ ಗೋಣಿತಟ್ಟು ಹಾಸಿ ಬುಡಕ್ಕೆ ತೂರಿದ. ತಲೆ ಹೋಯಿತು, ಎದೆ ಹೋಯಿತು, ಹೊಟ್ಟೆ ಹೋಗಲಿಲ್ಲ. ಉಸಿರು ಬಿಟ್ಟು ಒಳಗೆಳೆದುಕೊಂಡ. ಹೋಯಿತು, ಆದರೆ ಉಸಿರು ತೆಗೆದುಕೊಂಡ ಕೂಡಲೇ ಚಾಸಿಗೂ ನೆಲಕ್ಕೂ ನಡುವೆ ಬಿಗಿದುಕೊಂಡ. ಕಾಲು ಝಾಡಿಸಿದ. ಒಂದು ಚಪ್ಪಲಿ ಹಾರಿ ಕೋಳಿಯ ಮೇಲೆ ಬಿತ್ತು.

ಹಿತ್ತಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಮೃತವ್ವ ಎದ್ದು ಬಂದಳು.

"ಸಿಕ್ಕೊಂಡೀರೇನ್ರಿ?"

"ಇಲ್ಲ. ವಿಚಾರ ಮಾಡಾಕತ್ತೀನಿ."

ಅಮೃತವ್ವ ಅವನ ಎರಡೂ ಪಾದ ಹಿಡಿದು ಎಳೆದು ಹೊರಗೆ ತಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಹಳೆಯ ಟವೆಲ್ ಸುತ್ತಿ, ಕಳೆ ತೆಗೆಯುವ ಕುರ್ಪಿ ಹಿಡಿದು, ತಾನೇ ಬುಡಕ್ಕೆ ಸರಿದಳು. ಸಣ್ಣ ಮೈ, ಹಾವಿನ ಹಾಗೆ ಹೋಯಿತು. ಒಳಗಿನಿಂದ ಕರ್ ಕರ್ ಎಂಬ ಸದ್ದು ಬಂತು.

"ಇದರಾಗ ಏನೈತ್ರಿ, ರೊಟ್ಟಿ ಹತ್ತಿದ ಹಂಚು ಕೆರದಂಗ ಐತಿ," ಎಂದಳು. "ಇನ್ನೊಂದು ದಿಮ್ಮಿ ಏರಿಸಿ ಎತ್ತರ ಮಾಡ್ರಿ, ನೀವೂ ಬರ್ತೀರಿ."

ದಿಮ್ಮಿ ಏರಿತು. ಹುಚ್ಚೀರಪ್ಪ ವೈರ್ ಬ್ರಶ್ ಹಿಡಿದು ಹೆಂಡತಿಯ ಪಕ್ಕಕ್ಕೆ ಬಂದು ಅಂಗಾತ ಮಲಗಿದ. ತನ್ನ ಗಾಡಿ, ತನ್ನ ಕಬ್ಬಿಣ, ಸುಮ್ಮನಿರಲಾಗಲಿಲ್ಲ. "ನೋಡಿಲ್ಲಿ, ಇದು ಸಾದಾ ಕಬ್ಬಿಣಲ್ಲ. ಕಂಪನಿ ಉಕ್ಕು. ಇನ್ನೂ ನೂರು ವರ್ಷ ಇದಕ್ಕ..." ಎನ್ನುತ್ತ ಬ್ರಶ್ಶಿನಿಂದ ಒಮ್ಮೆ ತಿಕ್ಕಿದ. ರೊಟ್ಟಿಯಷ್ಟಗಲದ ತುಕ್ಕಿನ ಹಾಳೆಯೊಂದು ಬಿಟ್ಟುಕೊಂಡು, ತೆರೆದ ಬಾಯಿಯ ಮೇಲೆ ಸರಿಯಾಗಿ ಬಿದ್ದು ಮಾತು ಮುಚ್ಚಿತು.

ಅಮೃತವ್ವ ನಕ್ಕಳು.

ಹುಚ್ಚೀರಪ್ಪ ಥೂ ಥೂ ಎಂದು ಉಗುಳುತ್ತಿದ್ದವನು ಉಗುಳುವುದನ್ನು ನಿಲ್ಲಿಸಿ ಕೇಳಿದ. ಮನೆಯಲ್ಲಿ ಅವಳು ನಗುತ್ತಿದ್ದುದು ಸೆರಗಿನೊಳಗೆ. ಹೆಗಲು ಅಲುಗುವುದು ಮಾತ್ರ ಕಾಣುತ್ತಿತ್ತು. ಇದು ಬೇರೆ. ಕೊಡದಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಎಂದು ಹೊರಟು, ನಡುವೆ ತಡೆದು, ಮೂಗಿನಲ್ಲಿ ಒಂದು ಸೊರ್ ಎಂದು, ಮತ್ತೆ ಶುರುವಾಗುವ ನಗು. ಆ ಸೊರ್ ಕೇಳಿ ಅವನಿಗೂ ನಗು ಬಂತು. ಅವನು ನಕ್ಕರೆ ಹೊಟ್ಟೆ ಮೇಲೆದ್ದು ಸೈಲೆನ್ಸರಿಗೆ ಬಡಿಯುತ್ತಿತ್ತು. ಬಡಿದಷ್ಟೂ ಅವಳಿಗೆ ಹೆಚ್ಚಾಯಿತು. ತುಕ್ಕಿನ ಪುಡಿ ಇಬ್ಬರ ಮೇಲೂ ಅರಿಷಿಣದ ಹಾಗೆ ಉದುರಿತು.

"ನಿನ್ನ ನಗು ಹಿಂಗೈತೇನ?" ಎಂದ ಅವನು, ಸುಧಾರಿಸಿಕೊಂಡು.

"ಹೆಂಗ?"

"ಸೊರ್ ಅಂತ."

"ತವರ ಮನ್ಯಾಗ ಹಿಂಗ ನಗತಿದ್ದೆ. ಇಲ್ಲಿ ಬಂದ ಮ್ಯಾಲ ಅತ್ತಿ ಅಂದ್ರು, ಸೊಸಿ ಸೊರ್ ಅನಬಾರದು ಅಂತ."

ಅಂದು ಮಧ್ಯಾಹ್ನದವರೆಗೂ ಕೆರೆದರು. ಹುಚ್ಚೀರಪ್ಪನಿಗೆ ಆಶ್ಚರ್ಯವಾದದ್ದು ತುಕ್ಕಲ್ಲ, ಮಾತು. ಅಂಗಾತ ಮಲಗಿ, ಮುಖ ಮುಖ ನೋಡದೆ, ಮೇಲಿನ ಕಬ್ಬಿಣ ನೋಡುತ್ತ ಮಾತಾಡುವುದು ಎಷ್ಟು ಸುಲಭ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅಮೃತವ್ವ ತನಗೆ ಅವನ ಗಾಡಿಯ ಹಾರ್ನ್ ಸೇರುವುದಿಲ್ಲ ಎಂದಳು, ಅದು ಮೇಕೆ ಅತ್ತ ಹಾಗಿದೆಯಂತೆ. ಮದುವೆಯಾದ ಹೊಸತರಲ್ಲಿ ಅವನು ಉಣ್ಣುವಾಗ ಒಂದೂ ಮಾತಾಡದ್ದು ನೋಡಿ, ತನ್ನ ಅಡುಗೆ ಸೇರಲಿಲ್ಲವೆಂದು ಅತ್ತಿದ್ದಳಂತೆ.

"ಅಯ್ಯ! ಸೇರಿತ್ತು, ಅದಕ್ಕ ಮಾತಾಡಿದ್ದಿಲ್ಲ. ಬಾಯಿ ಖಾಲಿ ಇರತಿದ್ದಿಲ್ಲ."

"ಹೇಳಬೇಕಿಲ್ರೀ?"

"ಎಲ್ಲಿ ಹೇಳೂದು? ಬಾಜೂಕ ಯವ್ವ ಕುಂತಿರತಿದ್ಲು."

ಅಮೃತವ್ವ ಮತ್ತೆ ಸೊರ್ ಎಂದಳು.

ಮರುದಿನ ಅವರಿಬ್ಬರೂ ಕರೆಯದೆಯೇ ಬುಡದಲ್ಲಿದ್ದರು. ಅವಳು ಬೆಳಗಿನ ರೊಟ್ಟಿಯನ್ನು ಎಂದಿಗಿಂತ ಮೊದಲೇ ಮುಗಿಸಿದ್ದಳು. ಅವನು ಊರ ಕಟ್ಟೆಗೆ ಹರಟೆಗೆ ಹೋಗುವುದನ್ನೇ ಬಿಟ್ಟಿದ್ದ. ದುರ್ಗೇಶ ಹಿತ್ತಲಿಗೆ ಬಂದು, "ಅಣ್ಣಾ, ನಾ ಒಂದು ಕೈ ಹಚ್ಚಲೇನ?" ಎಂದು ಕೇಳಿದಾಗ, ಒಳಗಿನಿಂದ ಎರಡು ಧ್ವನಿ ಒಟ್ಟಿಗೆ "ಬ್ಯಾಡ!" ಎಂದವು. ದುರ್ಗೇಶ ತಲೆ ಕೆರೆದುಕೊಂಡು ಹೋದ. ಒಳಗೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅಂದೇ ಹೆಸರಿನ ಮಾತು ಬಂತು. ಅಮೃತವ್ವ ಗಂಡನ ಹೆಸರನ್ನು ಎಂದೂ ಬಾಯಿಂದ ಹೇಳಿದವಳಲ್ಲ. ಬ್ಯಾಂಕಿನವರು ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದಳು.

"ಇಲ್ಲಿ ಯಾರದಾರ? ಒಮ್ಮೆ ಹೇಳಲಾ," ಎಂದ ಹುಚ್ಚೀರಪ್ಪ.

"ಛೀ, ಸುಮ್ನಿರ್ರಿ."

"ಒಮ್ಮೆ. ನನ್ನ ಹೆಸರು ನಿನ್ನ ಬಾಯಾಗ ಹೆಂಗ ಕೇಳತೈತಿ ಅಂತ ನನಗ ಗೊತ್ತಾಗಬೇಕ."

ಅಮೃತವ್ವ ಬಹಳ ಹೊತ್ತು ಕುರ್ಪಿ ಆಡಿಸಿದಳು. ಆಮೇಲೆ, "ಹಂಗ ಬರೇ ಹೇಳಾಕ ಬರೂದಿಲ್ಲ. ಒಡಪು ಹಚ್ಚಿ ಹೇಳ್ತೀನಿ," ಎಂದು, ಮದುವೆಯ ಮನೆಯಲ್ಲಿ ಹೊಸ ಸೊಸೆಯರು ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವ ರಾಗದಲ್ಲಿ ಎತ್ತಿದಳು:

"ಹಳೇ ಗಾಡಿ ಚಾಸಿಗೆ ಹತ್ತೈತಿ ಜಂಗ,
ಹುಚ್ಚೀರಪ್ಪನ ಹೊಟ್ಟಿ ಬುಡಕ ಹೋಗೂದು ಹೆಂಗ?"

ಹೇಳಿದವಳು ಮುಖಕ್ಕೆ ಟವೆಲ್ ಮುಚ್ಚಿಕೊಂಡಳು. ಹುಚ್ಚೀರಪ್ಪ ಹೊಟ್ಟೆ ಕುಣಿಸುತ್ತ ನಗುವಾಗ, ಹೊರಗೆ ಎರಡು ಒಣಗಿದ ಪಾದಗಳು ಬಂದು ನಿಂತವು. ಗದಿಗೆವ್ವನವು.

"ಯಾರವಾ ಅದು, ನನ್ನ ಮಗನ ಹೆಸರು ಹಿಡದು ಕರದಾಕಿ?"

ಒಳಗೆ ಅಮೃತವ್ವ ಗಂಡನ ತೋಳು ಗಟ್ಟಿಯಾಗಿ ಹಿಡಿದಳು.

"ನಾನ ಯವ್ವಾ," ಎಂದ ಹುಚ್ಚೀರಪ್ಪ. "ನನ್ನ ಹೆಸರು ನಾನ ಕರಕೊಂಡೆ."

"ಅದರ ಬುಡಕ ಏನರ ಬಂಗಾರ ಸಿಕ್ಕೈತೇನ ನಿಮಗ? ಹೊರಗ ಬರವಲ್ರಿ," ಎಂದು ಗದಿಗೆವ್ವ ಗೊಣಗಿ ಹೋದಳು. ಪಾದಗಳು ದೂರವಾದ ಮೇಲೆ ಅಮೃತವ್ವ ಗಂಡನ ತೋಳು ಕಚ್ಚಿ ನಗು ತಡೆದುಕೊಂಡಳು. ಇಪ್ಪತ್ತು ವರ್ಷದಲ್ಲಿ ಅವಳು ಅವನ ತೋಳು ಕಚ್ಚಿದ್ದು ಅದೇ ಮೊದಲು. ಹುಚ್ಚೀರಪ್ಪನಿಗೆ ಉರಿಯಿತು. ಉರಿಯಲಿ ಅನ್ನಿಸಿತು.

ಎಷ್ಟು ನಿಧಾನ ಮಾಡಿದರೂ ಚಾಸಿ ಒಂದಲ್ಲ ಒಂದು ಕಡೆ ಮುಗಿಯಲೇಬೇಕು. ವಾರ ಕಳೆಯುವಷ್ಟರಲ್ಲಿ ಮುಂದಿನಿಂದ ಹಿಂದಿನವರೆಗೆ ತುಕ್ಕು ಹೋಗಿ, ಗಟ್ಟಿ ಇದ್ದಲ್ಲೆಲ್ಲ ಕೆಂಪು ಬಣ್ಣ ಹತ್ತಿತ್ತು. ಕೊಳೆತ ಅಡ್ಡಪಟ್ಟಿಯ ಸುತ್ತ ಮಾತ್ರ ಮುರ್ತುಜಾನಿಗೆಂದು ಬರಿಯ ಕಬ್ಬಿಣ ಬಿಟ್ಟಿದ್ದರು. ಮರುದಿನ ಅಮೃತವ್ವ ಹಿತ್ತಲಿಗೆ ಬಂದಾಗ ಬುಡದಿಂದ ಕರ್ ಕರ್ ಕೇಳಿಸಿತು. ಬಗ್ಗಿ ನೋಡಿದಳು. ಹುಚ್ಚೀರಪ್ಪ, ನಿನ್ನೆಯಷ್ಟೇ ಬಳಿದ ಒಳ್ಳೆಯ ಬಣ್ಣವನ್ನು ಮನಸಿಟ್ಟು ಕೆರೆಯುತ್ತಿದ್ದ.

"ಏನ್ರಿ ಇದು?"

ಅವನು ಕೆಂಪಾದ. ಬಣ್ಣವೋ ನಾಚಿಕೆಯೋ ಹೇಳುವಂತಿರಲಿಲ್ಲ. "ಇಲ್ಲಿ ಸ್ವಲ್ಪ ಜಂಗು ಉಳದಂಗ ಕಂಡಿತ್ತು."

"ಎಲ್ಲಿ?"

"ಈಗ ಕಾಣವಲ್ದು."

ಅಮೃತವ್ವ ಅವನನ್ನು ನೋಡಿದಳು. ಆಮೇಲೆ ಟವೆಲ್ ಸುತ್ತಿಕೊಂಡು, ಬ್ರಶ್ ಎತ್ತಿಕೊಂಡು ಒಳಗೆ ಸರಿದು, ಪಕ್ಕದ ಮೂಲೆಯಲ್ಲಿ ಇನ್ನೂ ಒಳ್ಳೆಯ ಬಣ್ಣ ಹುಡುಕಿ ಕೆರೆಯತೊಡಗಿದಳು. ಆ ದಿನ ಇಬ್ಬರೂ ಸೇರಿ ಒಂದಿಷ್ಟು ಕೆಲಸ ಕೆಡಿಸಿ, ಸಂಜೆಯೊಳಗೆ ಅದನ್ನೇ ಮತ್ತೆ ಮಾಡಿದರು. ಕೆಡಿಸುವಾಗ ಹಾಡಿದರು ಕೂಡ.

ಕೊನೆಗೆ ಉಳ್ಳಾಗಡ್ಡಿ ಕೀಳುವ ದಿನ ಹತ್ತಿರ ಬಂದು, ಗಾಡಿಯನ್ನು ಬೆಟಗೇರಿಗೆ ಒಯ್ಯಲೇಬೇಕಾಯಿತು. ಅಮೃತವ್ವನೂ ಜೊತೆಗೆ ಹತ್ತಿ ಕುಳಿತಳು. "ಅಕಿ ಯಾಕ?" ಎಂದು ಗದಿಗೆವ್ವ ಕೇಳಿದಳು. "ಎಲ್ಲಿ ಎಷ್ಟು ಕೆರದೀವಿ ಅನ್ನೂದು ಅಕಿಗೇ ಗೊತ್ತು ಯವ್ವಾ," ಎಂದ ಹುಚ್ಚೀರಪ್ಪ. ಸುಳ್ಳೇನಲ್ಲ.

ಮುರ್ತುಜಾ ಬುಡಕ್ಕೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದ ಮೇಲೆ, "ಯಾರ ಕೆರದದ್ದು ಇದನ್ನ? ನನ್ನ ಗ್ಯಾರೇಜಿನಾಗೂ ಹಿಂಗ ಆಗೂದಿಲ್ಲಲ್ಲ," ಎಂದ.

"ನಾವಿಬ್ಬರೂ," ಎಂದು ಹುಚ್ಚೀರಪ್ಪ ಹೇಳಿದ.

"ಕೆಲವು ಕಡೆ ಎರಡೆರಡು ಸಲ ಕೆರದೀರೇನ ವೈನಿ?"

ಅಮೃತವ್ವ ಸಾಲಾಗಿ ನಿಂತ ಟ್ರೇಲರುಗಳ ಕಡೆ ಮುಖ ತಿರುಗಿಸಿದಳು.

ಕತ್ತರಿಸಿ, ಕೂಡಿಸಿ, ಬೆಸೆಯುವ ಕೆಲಸ ಮಧ್ಯಾಹ್ನ ಮೀರಿ ನಡೆಯಿತು. ಗಂಡ ಹೆಂಡತಿ ಅಷ್ಟು ಹೊತ್ತು ಬೆಟಗೇರಿಯ ಪೇಟೆಯಲ್ಲಿ ತಿರುಗಿದರು. ಗಿರ್ಮಿಟ್ ತಿಂದರು, ಮಿರ್ಚಿ ತಿಂದರು, ಮತ್ತೆ ಗಿರ್ಮಿಟ್ ತಿಂದರು. ಮಗ್ಗದ ಸದ್ದು ಕೇಳುವ ಓಣಿಯಲ್ಲಿ ಒಂದು ಮನೆಯ ಮುಂದೆ ನಿಂತು ಸೀರೆ ನೇಯುವುದನ್ನು ನೋಡಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ. ಮರಳಿ ಬಂದಾಗ ಮುರ್ತುಜಾ ಹೊಸ ಅಡ್ಡಪಟ್ಟಿಗೆ ಸುತ್ತಿಗೆಯಿಂದ ಹೊಡೆದು ತೋರಿಸಿದ. ಟಣ್ ಎಂದು ದೇವಸ್ಥಾನದ ಗಂಟೆಯ ಹಾಗೆ ಕೇಳಿಸಿತು. ಅಮೃತವ್ವ ಸುತ್ತಿಗೆ ಇಸಿದುಕೊಂಡು ತಾನೂ ಒಮ್ಮೆ ಹೊಡೆದಳು. ಬೆಸುಗೆಯ ಮೇಲೂ ಕೆಂಪು ಬಣ್ಣ ಬಳಿಯುವುದಿತ್ತು. ಅದನ್ನೂ ಅವಳೇ ಬಳಿದಳು, ಕೈಗೆ, ಗಲ್ಲಕ್ಕೆ, ಸೀರೆಯ ಅಂಚಿಗೆ ಸಮೇತ.

ಮುರ್ತುಜಾ ಗಾಡಿಯಲ್ಲಿ ಮರಳಿನ ಚೀಲ ಹಾಕಿಸಿದ. "ಭಾರ ಹಾಕ್ಕೊಂಡು ಕೆಟ್ಟ ರಸ್ತೆದಾಗ ಹೊಡೀರಿ. ಎಲ್ಲಿಯರ ಕುಂಯ್ ಅಂದ್ರ ಫೋನ್ ಹಚ್ಚರಿ. ಆದರ ಎಂಜಿನ್ ಸಪ್ಪಳದಾಗ ಮುಂದ ಕುಂತಾವಗ ಕೇಳೂದಿಲ್ಲ. ಹಿಂದ ಯಾರರ ಕಿವಿ ಹಚ್ಚಿ ಕೇಳಬೇಕು."

"ನಾ ಕೇಳ್ತೀನಿ," ಎಂದಳು ಅಮೃತವ್ವ, ಅವನ ಮಾತು ಮುಗಿಯುವ ಮೊದಲೇ.

ಹೀಗೆ ಅಮೃತವ್ವ ಪಿಕಪ್ಪಿನ ಹಿಂದೆ, ಮರಳಿನ ಚೀಲಗಳ ನಡುವೆ ಕೌದಿ ಹಾಸಿಕೊಂಡು, ಕಿವಿಯನ್ನು ತಗಡಿಗೆ ಒತ್ತಿ ಮಲಗಿದಳು. ಬಿಸಿಲಿಗೆ, ಧೂಳಿಗೆ ಮುಖದ ಮೇಲೆ ಸೆರಗು ಎಳೆದುಕೊಂಡಳು. ಗಾಡಿ ಡಂಬಳದ ರಸ್ತೆ ಹಿಡಿಯಿತು. ಗುಂಡಿ ಬಂದಾಗಲೆಲ್ಲ ಹುಚ್ಚೀರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ "ಕುಂಯ್ ಅಂತೇನ?" ಎಂದು ಕೂಗುತ್ತಿದ್ದ. ಅವಳು ಒಂದು ಕೈ ಮೇಲೆತ್ತಿ ಇಲ್ಲವೆಂದು ಆಡಿಸುತ್ತಿದ್ದಳು. ಕೆಂಪು ಕೈ.

ಹಿಂದಿನಿಂದ ಸರಕಾರಿ ಬಸ್ಸು ಬಂದು ಪಕ್ಕಕ್ಕೆ ಸರಿಯಿತು. ಕಿಟಕಿಯಲ್ಲಿದ್ದ ಮಂದಿ ಕೆಳಗೆ ನೋಡಿದರು. ಒಬ್ಬ ಹೆಂಗಸು ಮುಖ ಮುಚ್ಚಿ ಮಲಗಿದ್ದಾಳೆ, ಸೀರೆಯ ಅಂಚು ಕೆಂಪು, ಕೈ ಕೆಂಪು, ಆ ಕೈ ಗಾಳಿಯಲ್ಲಿ ತಡಕಾಡುತ್ತಿದೆ. ಗಂಡಸು ಹೊರಗೆ ತಲೆ ಹಾಕಿ ಏನೋ ಅರಚುತ್ತಿದ್ದಾನೆ. ಆ ಬಸ್ಸಿನಲ್ಲಿ ಹಿರೇವಡ್ಡಟ್ಟಿಯ ಸುಮಿತ್ರವ್ವ ಇದ್ದಳು. ಅವಳಿಗೆ ಗಾಡಿಯೂ ಗೊತ್ತು, ಸೀರೆಯೂ ಗೊತ್ತು. ಬಸ್ಸು ಮುಂದೆ ಹೋಗುವಷ್ಟರಲ್ಲಿ ಅವಳ ಫೋನು ಕಿವಿಗೆ ಹೋಗಿತ್ತು.

ಬಸ್ಸು ಡಂಬಳದಲ್ಲಿ ಮೊದಲು ನಿಂತು, ಸುದ್ದಿಯನ್ನು ಇಳಿಸಿ ಹೋಯಿತು. ಪಿಕಪ್ ಬಂದಾಗ ರಸ್ತೆಯ ಮೇಲೆ ಹತ್ತಾರು ಮಂದಿ ಕೈ ಅಡ್ಡ ಹಿಡಿದು ನಿಂತಿದ್ದರು. ಹುಚ್ಚೀರಪ್ಪ ಬ್ರೇಕ್ ಹಾಕಿದ.

"ದವಾಖಾನಿ ಆ ಕಡೆ ಐತೆಪಾ! ನೀ ಈ ಕಡೆ ಎಲ್ಲಿ ಹೊಂಟಿ?" ಎಂದ ಬಿಳಿ ಮೀಸೆಯ ಮುದುಕನೊಬ್ಬ.

"ಯಾರಿಗೆ ದವಾಖಾನಿ?"

"ಏ, ಇವಗ ದಿಕ್ಕ ತಪ್ಪೇತಿ, ಪಾಪ. ನೀರ ತರ್ರಿ!"

ಹೆಂಗಸರು ಹಿಂದಿನ ಹಲಗೆ ತೆಗೆದು ಹತ್ತಿಯೇ ಬಿಟ್ಟರು. ಒಬ್ಬಳು ಅಮೃತವ್ವನ ಮುಖದ ಸೆರಗು ಸರಿಸಿದಳು. ಕೆಂಪು ಗಲ್ಲ, ಮಿಟಿಮಿಟಿ ಕಣ್ಣು. "ಯವ್ವಾ, ಉಸಿರೈತಿ!" ಎಂದಳು. ಅಮೃತವ್ವ ಎದ್ದು ಕುಳಿತು ಹೇಳಬೇಕೆಂದುಕೊಂಡಳು: ಇದು ರಕ್ತವಲ್ಲ, ಬಣ್ಣ. ತನಗೇನೂ ಆಗಿಲ್ಲ, ಗಾಡಿಯ ಸದ್ದು ಕೇಳುತ್ತಿದ್ದೆ. ಬಾಯಿ ತೆರೆದಳು. ಬಂದದ್ದು ನಗು. ಮೊದಲು ಗುಳುಗುಳು, ಆಮೇಲೆ ಸೊರ್.

ಹತ್ತಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

"ಗಾಳಿ ಬಡದೈತಿ," ಎಂದಳು ಒಬ್ಬಳು. "ಕಪ್ಪತಗುಡ್ಡದ ಕಡೆ ಹೋಗಿದ್ಲೇನಪಾ ಇಕಿ, ಮಟಮಟ ಮಧ್ಯಾಹ್ನದಾಗ?"

"ಇಲ್ರೀ," ಎಂದ ಹುಚ್ಚೀರಪ್ಪ, ತನ್ನ ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು. "ಬೆಟಗೇರಿಗೆ ಹೋಗಿದ್ವಿ. ಜಂಗು..."

"ಯಾವ ಗಂಗೂ?"

"ಗಂಗೂ ಅಲ್ರೀ, ಜಂಗು! ಚಾಸಿಗೆ..."

"ಜಂಗೂ ಅನ್ನಾಕಿ ಮೈಮ್ಯಾಲ ಬಂದಾಳಂತ!" ಎಂದು ಹಿಂದಿನವರಿಗೆ ಸುದ್ದಿ ಹೋಯಿತು. "ಯಾವೂರಾಕಿ? ಚಾಸೀಯಾಕಿ ಅಂತ!"

ಅದನ್ನು ಕೇಳಿ ಅಮೃತವ್ವ ಮರಳಿನ ಚೀಲದ ಮೇಲೆ ಬಿದ್ದು ಹೊರಳಾಡಿದಳು. ಹುಚ್ಚೀರಪ್ಪನ ಹಲ್ಲಿನ ಹಿಡಿತ ಬಿಟ್ಟಿತು. ಅವನು ಗಾಡಿಯ ಬಾಗಿಲು ಹಿಡಿದುಕೊಂಡು, ಹೊಟ್ಟೆ ಎತ್ತಿ ಹಾಕುತ್ತ, ಕಣ್ಣಲ್ಲಿ ನೀರು ಸುರಿಸುತ್ತ ನಕ್ಕ. "ಅವಗೂ ಬಡದೈತಿ!" ಎಂದು ಮಂದಿ ಇನ್ನಷ್ಟು ಹಿಂದೆ ಸರಿದರು. ಒಬ್ಬ ಮುದುಕಿ ಮಾತ್ರ ಹೆದರದೆ ಬಂದು, ತಂಬಿಗೆಯ ನೀರನ್ನು ಪೂರ್ತಿ ಅಮೃತವ್ವನ ತಲೆಯ ಮೇಲೆ ಸುರುವಿದಳು. ತಣ್ಣಗಿನ ನೀರು ಬಿದ್ದ ಮೇಲೆ ಅವಳಿಗೆ ಮಾತು ಬಂತು.

"ಆಯೀ, ನಾ ಆರಾಮದೀನಿ. ಬಣ್ಣ ಇದು. ನನ್ನ ಗಂಡನ ಜೋಡಿ ಗಾಡಿ ರಿಪೇರಿ ಮಾಡಿಸ್ಕೊಂಡು ಬಂದೆ. ಅದಕ್ಕ ನಗು ಬರಾಕತ್ತೈತಿ."

ಮುದುಕಿ ಅವಳ ಗಲ್ಲವನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದಳು. "ಪೇಂಟ್ ಐತಿ," ಎಂದು ಮಂದಿಗೆ ಸಾರಿದಳು. ಆಮೇಲೆ ಹುಚ್ಚೀರಪ್ಪನ ಕಡೆ ತಿರುಗಿ, "ಮುಂದ ಕುಂಡ್ರಸ್ಕೊಂಡು ಹೋಗೋ ಖೋಡಿ, ಹಿಂದ ಯಾಕ ಒಗದೀ ಅಕಿನ್ನ?" ಎಂದಳು.

ಅಮೃತವ್ವ ಮುಂದೆ ಹತ್ತಿ ಕುಳಿತಳು. ಡಂಬಳದ ಕೆರೆಯ ಏರಿ ದಾಟುವವರೆಗೂ ಇಬ್ಬರಿಗೂ ಮಾತಾಡಲಾಗಲಿಲ್ಲ. ಒಬ್ಬರಿಗೆ ನಿಂತರೆ ಇನ್ನೊಬ್ಬರು "ಚಾಸೀಯಾಕಿ" ಎನ್ನುತ್ತಿದ್ದರು. ಒಂದು ಕಡೆ ಹುಚ್ಚೀರಪ್ಪನಿಗೆ ಸ್ಟೇರಿಂಗ್ ಹಿಡಿಯಲಾಗದೆ ಗಾಡಿಯನ್ನು ಹೊಲದ ಬದಿಗೆ ನಿಲ್ಲಿಸಬೇಕಾಯಿತು. ಕುಂಯ್ ಎಂದಿತೋ ಇಲ್ಲವೋ ನೋಡುವುದು ಇಬ್ಬರಿಗೂ ಮರೆತೇ ಹೋಗಿತ್ತು.

ಊರಿನ ಹೆಬ್ಬಾಗಿಲಾದ ಅಗಸಿ ಬಂದಾಗ ನಗು ತಾನೇ ನಿಂತಿತು. ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ದುರ್ಗೇಶ ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಅವರಿಬ್ಬರ ಫೋನುಗಳೂ ಗಾಡಿಯ ಖಾನೆಯಲ್ಲಿ, ಗಿರ್ಮಿಟ್ಟಿನ ಕಾಗದದ ಕೆಳಗೆ, ಕೂಗಿ ಕೂಗಿ ಸುಮ್ಮನಾಗಿದ್ದವು. ಕಟ್ಟೆಯ ಮೇಲೆ ಗದಿಗೆವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. "ನನ್ನ ಸೊಸಿ! ಬಂಗಾರದಂಥಾ ಸೊಸಿ! ಒಂದು ದಿನ ಮಾರಿ ಎತ್ತಿ ಮಾತಾಡಿದಾಕಿ ಅಲ್ಲ!"

ಅಮೃತವ್ವ ಗಾಡಿಯಿಂದ ಇಳಿದು ಬಂದು ಅತ್ತೆಯ ಮುಂದೆ ನಿಂತಳು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅತ್ತಿ, ನಾ ಬಂದೆ."

ಗದಿಗೆವ್ವನ ಅಳು ಅರ್ಧಕ್ಕೆ ನಿಂತಿತು. ಸೊಸೆಯ ಕೈ ಮುಟ್ಟಿದಳು, ಮುಖ ಮುಟ್ಟಿದಳು. ಆಮೇಲೆ ಎದ್ದು ಹೋಗಿ ಮಗನ ಬೆನ್ನಿಗೆ ಒಂದು ಗುದ್ದಿದಳು. "ಏನ್ ಮಾಡೀ ಇಕಿಗೆ? ಹೇಳಲೇ!"

ಹುಚ್ಚೀರಪ್ಪ ಹೇಳಿದ. ವೆಲ್ಡಿಂಗ್, ಮರಳಿನ ಚೀಲ, ಕಿವಿ ಹಚ್ಚಿದ್ದು, ಬಸ್ಸು. ಸುಮಿತ್ರವ್ವ ಜನರ ಹಿಂದೆ ಸರಿದು ನಿಂತಳು. ಡಂಬಳದ ಮುದುಕ ದವಾಖಾನೆ ತೋರಿಸಿದ್ದನ್ನು ಹೇಳುವಾಗ ಅವನ ಧ್ವನಿ ನಗು ತಡೆದು ನಡುಗತೊಡಗಿತು. "ಜಂಗೂ ಅನ್ನಾಕಿ ಬಂದಾಳಂತ" ಎಂದಾಗ ಅಮೃತವ್ವ ಸೆರಗು ಬಾಯಿಗೆ ತುರುಕಿಕೊಂಡಳು, ಆದರೆ ತಡವಾಗಿತ್ತು. ಅತ್ತೆಯ ಎದುರು, ಅರ್ಧ ಊರಿನ ಎದುರು, ಸೊರ್ ಎಂದುಬಿಟ್ಟಳು.

ಎಲ್ಲರೂ ಗದಿಗೆವ್ವನ ಮುಖ ನೋಡಿದರು. ಗದಿಗೆವ್ವ ತುಟಿ ಬಿಗಿದುಕೊಂಡಿದ್ದಳು. ತುಟಿಯ ಒಂದು ಮೂಲೆ ಕೆಳಗೆ ಇಳಿಯಿತು, ಮೇಲೆ ಹೋಯಿತು, ಅದುರಿತು.

"ಚಾಸೀಯಾಕಿ?" ಎಂದು ಕೇಳಿದಳು.

"ಹೂಂ ಅತ್ತಿ."

ಮುದುಕಿಗೆ ಹಲ್ಲಿರಲಿಲ್ಲ. ಹಾಗಾಗಿ ಅವಳ ನಗುವಿಗೆ ಎಲ್ಲೂ ತಡೆಯೂ ಇರಲಿಲ್ಲ. ಕಟ್ಟೆಯ ಮೇಲೆ ಧೊಪ್ಪನೆ ಕುಳಿತು, ಮೊಣಕಾಲು ಬಡಿದುಕೊಂಡು ನಕ್ಕಳು. ಮಕ್ಕಳು ಯಾಕೆಂದು ಗೊತ್ತಿಲ್ಲದೆ ನಕ್ಕವು. ದುರ್ಗೇಶ ಬೈಕಿನ ಮೇಲೆ ತಲೆಯಿಟ್ಟು ನಕ್ಕ. ಸುಮಿತ್ರವ್ವ ಕೂಡ ಹಿಂದಿನಿಂದ ಸಣ್ಣಗೆ ನಕ್ಕು, "ನಾ ಕಂಡದ್ದು ಹೇಳಿದೆ ತಂಗೀ," ಎಂದಳು. ಶೈಲಾ ಎಲ್ಲರಿಗೂ ಚಹಾ ಇಟ್ಟಳು. ಚಹಾ ಕೊಡುತ್ತ ಅಮೃತವ್ವನ ಕಿವಿಯಲ್ಲಿ ಕೇಳಿದಳು:

"ಅಕ್ಕಾ, ಆ ಗಾಡಿ ಬುಡಕ ಅಷ್ಟು ದಿನ ಏನ್ ಮಾತಾಡಿದ್ರಿ?"

"ಏನೂ ಇಲ್ಲವಾ. ಹಾರ್ನಿಂದು, ಪಲ್ಲೇದು."

ಶೈಲಾ ಯೋಚಿಸಿದಳು. "ನಮ್ಮ ಟ್ರೇಲರಿಗೂ ಜಂಗು ಹತ್ತಿರಬೇಕ," ಎಂದು ಗಂಡನ ಕಡೆ ನೋಡಿದಳು. ದುರ್ಗೇಶ, "ಎಲ್ಲಿ? ಹೋದ ವರ್ಷ ತಂದದ್ದದು, ಹೊಸಾದೈತಿ," ಎಂದ. "ಹತ್ತೈತಿ," ಎಂದಳು ಶೈಲಾ.

ಉಳ್ಳಾಗಡ್ಡಿ ಕಿತ್ತ ಮೇಲೆ ಪಿಕಪ್ ಮೊದಲ ಹೇರು ಹೊತ್ತಿತು. ಚಾಸಿ ಎತ್ತಲೂ ವಾಲಲಿಲ್ಲ. ಹುಚ್ಚೀರಪ್ಪ ಬುಡಕ್ಕೆ ಬಗ್ಗಿ ನೋಡಿ, ಹಗ್ಗ ಬಿಗಿದು, ಗದಗಿಗೆ ಹೊರಡಲು ಹತ್ತಿದ. ಅಮೃತವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬುತ್ತಿಯ ಗಂಟು. ಒಳಗೆ ಬಡಿಯಬೇಕಾದ ರೊಟ್ಟಿ ಇನ್ನೂ ಉಳಿದಿದ್ದವು.

"ಹೋಗ," ಎಂದಳು ಗದಿಗೆವ್ವ, ಮೆಣಸಿನಕಾಯಿಯಿಂದ ಕಣ್ಣೆತ್ತದೆ. "ಹೊಸಾ ವೆಲ್ಡಿಂಗ್ ಐತಿ. ಸಪ್ಪಳ ಕೇಳಾಕ ಯಾರರ ಬೇಕಲ್ಲ. ಮುಂದ ಕುಂಡ್ರು ಮತ್ತ."

ಅಮೃತವ್ವ ಹತ್ತಿ ಕುಳಿತು ಬಾಗಿಲು ಎಳೆದುಕೊಂಡಳು. ಗಾಡಿ ಅಗಸಿ ದಾಟಿ ಡಾಂಬರು ರಸ್ತೆಗೆ ಬಂತು. ಹುಚ್ಚೀರಪ್ಪ ಅಭ್ಯಾಸಬಲದಿಂದ ಟೇಪಿನ ಕಡೆ ಕೈ ಚಾಚಿದ.

"ಅದನ್ನ ಹಚ್ಚಬ್ಯಾಡ್ರಿ. ಮಾತಾಡ್ರಿ," ಎಂದಳು ಅವಳು.

"ಏನ್ ಮಾತಾಡ್ಲಿ?"

"ಏನರ."

ಹುಚ್ಚೀರಪ್ಪ ರಸ್ತೆ ನೋಡಿದ. ಎರಡೂ ಬದಿಗೆ ಸೂರ್ಯಕಾಂತಿಯ ಹೊಲ, ಮುಂದೆ ಕುರಿಹಿಂಡು. ಎಷ್ಟು ಯೋಚಿಸಿದರೂ ಒಂದೂ ವಿಷಯ ಹೊಳೆಯಲಿಲ್ಲ. ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡು, "ನಿನ್ನೆ ನೀ ಮಾಡಿದ ಪುಂಡಿಪಲ್ಲೆ," ಎಂದ, "ಛಲೋ ಆಗಿತ್ತು."

ಅಮೃತವ್ವ ಕಿಟಕಿಯಾಚೆ ಮುಖ ತಿರುಗಿಸಿದಳು. ಅವಳ ಹೆಗಲು ಅಲುಗಿತು. ಕುರಿ ಕಾಯುವವನು ರಸ್ತೆ ಬಿಡಿಸಿಕೊಡುತ್ತ ತಲೆಯೆತ್ತಿ ನೋಡಿದಾಗ, ಉಳ್ಳಾಗಡ್ಡಿ ಹೇರಿದ ಹಳೆಯ ಪಿಕಪ್ಪಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದು ನಗುತ್ತ ಅವನ ಕುರಿಗಳ ನಡುವೆ ಮೆಲ್ಲಗೆ ಹಾದು ಹೋಗುತ್ತಿದ್ದರು.